ಕಣದ ಅಂಚಿನಲ್ಲಿ ಗೇರ್ ಆಯಿಲ್

ಮಲೆನಾಡಿನಲ್ಲಿ ಹಳೆಯ ಜೀಪು ಇಟ್ಟುಕೊಂಡವರು ಎಂಜಿನ್ ಆಯಿಲ್ ವಿಷಯದಲ್ಲಿ ಬಲು ಹುಷಾರು. ಬೆಳಿಗ್ಗೆ ಬಾನೆಟ್ ಎತ್ತಿ, ಕಡ್ಡಿ ಎಳೆದು, ಬಟ್ಟೆಗೊರೆಸಿ, ಮತ್ತೊಮ್ಮೆ ಅದ್ದಿ ನೋಡದೆ ಗಾಡಿ ಹೊರಡಿಸುವುದಿಲ್ಲ. ಗೇರ್‌ಬಾಕ್ಸಿನ ಎಣ್ಣೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದಕ್ಕೆ ಕಡ್ಡಿಯಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಮುಳ್ಳಿಲ್ಲ, ದೀಪವಿಲ್ಲ. ನೋಡಲೇಬೇಕೆಂದರೆ ಗಾಡಿಯಡಿ ಅಂಗಾತ ಮಲಗಿ, ಪಕ್ಕದ ಪ್ಲಗ್ ಬಿಚ್ಚಿ, ತೂತಿನೊಳಗೆ ಬೆರಳು ಬಾಗಿಸಿ ಹಾಕಬೇಕು. ತುದಿಗೆ ಎಣ್ಣೆ ತಾಗಿದರೆ ಉಂಟು, ತಾಗದಿದ್ದರೆ ಇಲ್ಲ. ವರ್ಷಗಟ್ಟಲೆ ಒಂದೇ ಎಣ್ಣೆಯಲ್ಲಿ ಓಡಿದ, ಕೊನೆಕೊನೆಗೆ ಎಣ್ಣೆಯೇ ಇಲ್ಲದೆ ಓಡಿದ ಗೇರ್‌ಬಾಕ್ಸುಗಳು ಕಿರ್ರೆನ್ನುತ್ತ ಗ್ಯಾರೇಜು ಸೇರುವುದು ಇದೇ ಕಾರಣಕ್ಕೆ.

ಮುಂದೆ ಎಂಜಿನಿಯರ್ ಆದ ಒಬ್ಬ ಹುಡುಗ ಬೆಳೆದದ್ದು ಮೂಡಿಗೆರೆ ಸೀಮೆಯ ಒಂದು ಸಣ್ಣ ಕಾಫಿ ತೋಟದಲ್ಲಿ, ಅಂಥದೇ ಒಂದು ಜೀಪಿನ ಜೊತೆ. ಆದರೆ ಆ ಮನೆಯಲ್ಲಿ ಗೇರ್ ಆಯಿಲ್ ಬದಲಿಸುವುದು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಕೆಲಸ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ.

ಜೀಪು ಮಹೀಂದ್ರ ಕಂಪನಿಯದು, ಸಿಜೆ-3ಬಿ. 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಹೊರತಂದ ಮಾಡೆಲ್ ಅದು. ಹರಿಕೇನ್ ಎಂಬ ಹೊಸ ಎಂಜಿನ್ ಹಿಂದಿನದಕ್ಕಿಂತ ಎತ್ತರವಿದ್ದದ್ದರಿಂದ ಬಾನೆಟ್ಟನ್ನೇ ಎತ್ತರಿಸಬೇಕಾಯಿತು. ಇವತ್ತಿಗೂ ದೂರದಿಂದ ಆ ಜೀಪನ್ನು ಗುರುತು ಹಿಡಿಯುವುದು ಆ ಎತ್ತರದ ಮೂತಿಯಿಂದಲೇ. ಅಮೆರಿಕದಲ್ಲಿ 1968ಕ್ಕೆ ಅದರ ತಯಾರಿಕೆ ನಿಂತಿತು. ನಮ್ಮಲ್ಲಿ ಅದೇ ಮೈಕಟ್ಟು, ಅದೇ ಚಾಸಿ ಆಮೇಲೂ ದಶಕಗಳ ಕಾಲ ರಸ್ತೆಗಿಳಿಯುತ್ತಲೇ ಇದ್ದವು.

ಅಪ್ಪ ಅದನ್ನು ಸೆಕೆಂಡ್ ಹ್ಯಾಂಡ್ ಕೊಂಡವರು. ಕೊಂಡ ವರ್ಷವೇ ಹಿಂದಿನ ಸೀಟು, ಟಾಪು ಎರಡನ್ನೂ ಕಿತ್ತು, ಕಬ್ಬಿಣದ ಆಂಗಲ್ ಬೆಸೆಸಿ, ಹೊನ್ನೆ ಮರದ ಹಲಗೆ ಹಾಸಿ ಹಿಂಬದಿಯನ್ನು ಪಿಕಪ್ ಮಾಡಿಸಿದರು. ಗೊಬ್ಬರ, ಕಾಫಿ ಮೂಟೆ, ಕಪಾತಿನ ಸೌದೆ, ಮಳೆಗಾಲದಲ್ಲಿ ಜ್ವರ ಬಂದವರು, ಮದುವೆಯ ಪಾತ್ರೆ, ಎಲ್ಲವೂ ಅದರಲ್ಲೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಉಜಿರೆ ಕಡೆಗೆ ಹೋಗುವಾಗ ಘಾಟಿಯುದ್ದಕ್ಕೂ ಸೆಕೆಂಡ್ ಗೇರಿನಲ್ಲೇ ಇಳಿಸುತ್ತಿದ್ದರು. ಬ್ರೇಕ್ ನಂಬಿ ಘಾಟಿ ಇಳಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಎಂಜಿನ್ ಹಿಡಿತದಲ್ಲಿ ಇಳಿಯಬೇಕು, ಹಾಗೆ ಇಳಿಯಬೇಕಾದರೆ ಗೇರ್ ಕೈಕೊಡಬಾರದು. ಅವರು ಗೇರ್ ಆಯಿಲ್ ಬಗ್ಗೆ ಅಷ್ಟು ತಲೆಕೆಡಿಸಿಕೊಂಡದ್ದರ ಹಿಂದೆ ಚಾರ್ಮಾಡಿಯ ತಿರುವುಗಳಿದ್ದವು.

ಕೈಕೊಡುತ್ತಿದ್ದದ್ದೂ ನಿಜ. ಆ ಜೀಪಿನ ಟಿ-90 ಗೇರ್‌ಬಾಕ್ಸಿಗೆ ಒಂದು ಹೆಸರಾಂತ ಕಾಯಿಲೆ ಇದೆ: ಒಳಗೆ ಸವೆತ ಹೆಚ್ಚಾದರೆ ಇಳಿಜಾರಿನಲ್ಲಿ ಸೆಕೆಂಡ್ ಗೇರ್ ತನ್ನಷ್ಟಕ್ಕೆ ಹಾರಿ ನ್ಯೂಟ್ರಲ್ಲಿಗೆ ಬರುತ್ತದೆ. ಘಾಟಿಯ ನಡುವೆ, ಹಿಂದೆ ಮೂಟೆ ತುಂಬಿರುವಾಗ ಹಾಗಾದರೆ ಗಾಡಿ ಒಮ್ಮೆಗೇ ಮುಂದಕ್ಕೆ ಜಿಗಿಯುತ್ತದೆ. ಪಕ್ಕದಲ್ಲಿ ಕೂತವರು ಇಳಿಯುವಷ್ಟು ಹೊತ್ತೂ ಗೇರ್ ಲಿವರನ್ನು ಅಮುಕಿ ಹಿಡಿದುಕೊಂಡೇ ಬರುವುದನ್ನು ಆ ಕಾಲದ ಜೀಪುಗಳಲ್ಲಿ ಓಡಾಡಿದವರು ಬಲ್ಲರು. ಅವನ ಬಾಲ್ಯದ ಪ್ರಯಾಣಗಳಲ್ಲಿ ಆ ಕೆಲಸ ಬಹಳ ಸಲ ಅವನದಾಗಿತ್ತು. ಲಿವರಿನ ಗುಬುಟು ಅಂಗೈಯಲ್ಲಿ ನಡುಗುವುದು, ಒಳಗಿನ ಹಲ್ಲುಗಳ ಗುಂಯ್‌ಗುಡುವಿಕೆ ಮೊಣಕೈವರೆಗೆ ಹತ್ತಿಬರುವುದು, ಇವುಗಳಿಂದಲೇ ಅವನಿಗೆ ಗೇರ್‌ಬಾಕ್ಸ್ ಎಂಬುದರ ಮೊದಲ ಪರಿಚಯ.

ಮೇ ತಿಂಗಳನ್ನೇ ಆರಿಸಿಕೊಳ್ಳಲು ಮಳೆಯ ಹೊರತಾಗಿ ಇನ್ನೊಂದು ಕಾರಣವಿತ್ತು. ಗೇರ್‌ಬಾಕ್ಸಿನಲ್ಲಿ ಎಣ್ಣೆಯ ಮಟ್ಟ ಸರಿಯಾಗಿ ಗೊತ್ತಾಗಬೇಕಾದರೆ ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಬೇಕು. ಮಲೆನಾಡಿನ ತೋಟದ ಮನೆಯಲ್ಲಿ ಸಮತಟ್ಟು ಎಂಬುದು ಇರುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ರೊಬಸ್ಟಾ, ಮಾರ್ಚ್ ಮುಗಿಯುವವರೆಗೂ ಕಣ ತುಂಬಿರುತ್ತದೆ. ಖಾಲಿಯಾಗುವುದು ಆಮೇಲೆಯೇ. ಖಾಲಿಯಾದರೂ ಅಲ್ಲಿ ಎಣ್ಣೆ ಹನಿಯುವಂತಿಲ್ಲ. ಕಾಫಿ ಬೀಜ ಯಾವ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಗೇರ್ ಆಯಿಲಿನ ಗಂಧಕದ ನಾತ ಸಿಮೆಂಟಿಗಿಳಿದರೆ ಮುಂದಿನ ಸುಗ್ಗಿಗೂ ಹೋಗುವುದಿಲ್ಲ. ಅಜ್ಜಿ ಕಣದ ಮೂಲೆಯಲ್ಲಿ ಕುರ್ಚಿ ಹಾಕಿ ಕೂತು, ಟಾರ್ಪಾಲು ಹಾಸಿದ ಮೇಲೆಯೇ ಜೀಪು ಒಳಬಿಡುತ್ತಿದ್ದರು. ಅದೂ ಅಂಚಿನವರೆಗೆ ಮಾತ್ರ. ಮುಂದಿನ ಚಕ್ರ ಕಣದ ಕಟ್ಟೆ ದಾಟಿದರೆ ಅವರ ದನಿ ಏರುತ್ತಿತ್ತು.

ಕೆಲಸಕ್ಕೆ ಮೂಡಿಗೆರೆಯಿಂದ ಮೇಸ್ತ್ರಿ ಬರುತ್ತಿದ್ದರು. ಘಟ್ಟದ ಕೆಳಗಿನವರು, ಮಾತು ಕಡಿಮೆ. ಅಪ್ಪನನ್ನು ‘ಗೌಡ್ರೆ’ ಎನ್ನುತ್ತಿದ್ದರು, ಹುಡುಗನನ್ನು ‘ಮಾರಾಯ’ ಎನ್ನುತ್ತಿದ್ದರು. ಬಂದವರು ಮೊದಲು ಮಾಡುತ್ತಿದ್ದದ್ದು ಜೀಪು ಹತ್ತಿ ತೋಟದ ಗೇಟಿನವರೆಗೂ ಹೋಗಿ ಏರು ಹತ್ತಿಸಿ ವಾಪಸು ತರುವುದು. ಎಣ್ಣೆ ಬಿಸಿಯಾಗದೆ ಇಳಿಸಬಾರದು. ತಣ್ಣಗಿದ್ದರೆ ಗಟ್ಟಿಯಾಗಿ ತಳದಲ್ಲೇ ಕೂತಿರುತ್ತದೆ, ಬಿಸಿಯಾಗಿ ಕದಡಿದರೆ ತಳದ ಕಸವನ್ನೂ ಎಳೆದುಕೊಂಡು ಬರುತ್ತದೆ.

ಆಮೇಲಿನ ಹೆಜ್ಜೆಯಲ್ಲಿ ಒಂದು ನಿಯಮವಿತ್ತು, ಅದನ್ನು ಅವರು ಮುರಿದದ್ದನ್ನು ಅವನು ನೋಡಿಲ್ಲ. ಕೆಳಗಿನ ಡ್ರೈನ್ ಪ್ಲಗ್‌ಗೆ ಕೈ ಹಚ್ಚುವ ಮುಂಚೆ ಪಕ್ಕದ ತುಂಬುವ ಪ್ಲಗ್ ಬಿಚ್ಚಬೇಕು.

“ಯಾಕೆ ಮೇಸ್ತ್ರಿ?”

“ಅದು ತುಕ್ಕು ಹಿಡಿದು ಕೂತಿದ್ರೆ? ಎಣ್ಣೆ ಎಲ್ಲ ಚೆಲ್ಲಿ ಆದ್ಮೇಲೆ ಎಲ್ಲಿಂದ ತುಂಬಿಸ್ತಿ ಮಾರಾಯ?”

ಕಾರ್ಖಾನೆಗಳಲ್ಲಿ ವರ್ಷಗಟ್ಟಲೆ ದುಡಿದ ಮೇಲೂ ಅವನಿಗೆ ಯಂತ್ರದ ಕೆಲಸದ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕಿಲ್ಲ.

ಡ್ರೈನ್ ಪ್ಲಗ್‌ನ ಕೊನೆಯ ಸುತ್ತು ಬೆರಳಲ್ಲೇ ಬಿಡಿಸಿ, ಮೇಸ್ತ್ರಿ ಕೈಯನ್ನು ಚಕ್ಕನೆ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಅಗಲ ಬಾಣಲೆಗೆ ಎಣ್ಣೆ ದಪ್ಪ ಎಳೆಯಾಗಿ ಇಳಿಯುತ್ತಿತ್ತು. ಟಿ-90ರಲ್ಲಿ ಹಿಡಿಸುವುದು ಒಂದೂ ಕಾಲು ಲೀಟರಿಗೂ ಸ್ವಲ್ಪ ಕಡಿಮೆ. ಅದರ ಬೆನ್ನಿಗೇ ಅಂಟಿಕೊಂಡಿರುವ ಟ್ರಾನ್ಸ್‌ಫರ್ ಕೇಸಿಗೆ, ಅಂದರೆ ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಪೆಟ್ಟಿಗೆಗೆ, ಸುಮಾರು ಒಂದೂವರೆ ಲೀಟರ್. ಎರಡನ್ನೂ ಒಟ್ಟಿಗೇ ಇಳಿಸಬೇಕು. ಪೆಟ್ಟಿಗೆ ಎರಡಾದರೂ ನಡುವೆ ಎಣ್ಣೆ ದಾಟುತ್ತದೆ. ಗೇರ್‌ಬಾಕ್ಸ್ ಒಣಗಿ ಟ್ರಾನ್ಸ್‌ಫರ್ ತುಂಬಿ ಸೋರುವುದು ಈ ಜೀಪುಗಳಲ್ಲಿ ಮಾಮೂಲು. ಸೋರಿದ ಎಣ್ಣೆ ಬರೀ ನೆಲಕ್ಕೆ ಬಿದ್ದರೆ ಚಿಂತೆಯಿಲ್ಲ. ಸಿಜೆ-3ಬಿಯ ಹ್ಯಾಂಡ್ ಬ್ರೇಕಿನ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರಿನ ಹಿಂಬದಿಯ ಶಾಫ್ಟಿನ ಮೇಲೆ. ಅಲ್ಲಿನ ಆಯಿಲ್ ಸೀಲ್ ಹೋದರೆ ಎಣ್ಣೆ ನೇರ ಬ್ರೇಕ್ ಲೈನರಿಗೆ. ಏರಿನಲ್ಲಿ ನಿಲ್ಲಿಸಿದ ಗಾಡಿಗೆ ಕಲ್ಲು ಕೊಡುವ ಅಭ್ಯಾಸ ಬಂದದ್ದು ಸುಮ್ಮನೆ ಅಲ್ಲ.

ಬಾಣಲೆ ತುಂಬಿದ ಮೇಲೆ ನಿಜವಾದ ಕೆಲಸ. ಮೇಸ್ತ್ರಿ ಅದನ್ನು ಬಿಸಿಲಿಗೆ ಒಯ್ದು, ಕುಕ್ಕರಗಾಲಲ್ಲಿ ಕೂತು, ಎರಡು ಬೆರಳ ನಡುವೆ ಎಣ್ಣೆ ತಿಕ್ಕಿ ನೋಡುತ್ತಿದ್ದರು. ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಹಳೆಯ ಸ್ಪೀಕರಿನಿಂದ ಬಿಚ್ಚಿದ ಒಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಬಾಣಲೆಯ ತಳದಲ್ಲಿ ಆಡಿಸುತ್ತಿದ್ದರು. ಬಟ್ಟೆಗೆ ಬೂದುಬಣ್ಣದ ನುಣುಪು ಲೇಪ ಹತ್ತಿದರೆ ಅದು ಗೇರಿನ ಹಲ್ಲುಗಳು ದಿನಾ ಸವೆದ ಪುಡಿ, ಹೆದರಬೇಕಾದ್ದಿಲ್ಲ. ಚೂರು ಸಿಕ್ಕಿದರೆ ಯಾವುದೋ ಹಲ್ಲು ಮುರಿದಿದೆ. ಅಯಸ್ಕಾಂತಕ್ಕೆ ಅಂಟದೆ, ಎಣ್ಣೆಯಲ್ಲಿ ಬಿಸಿಲಿಗೆ ಬಂಗಾರದ ಬಣ್ಣಕ್ಕೆ ಮಿನುಗುವ ಕಣಗಳಿದ್ದರೆ ಅದು ಹಿತ್ತಾಳೆ. ಆಗ ಮೇಸ್ತ್ರಿಯ ಮುಖ ಗಂಭೀರವಾಗುತ್ತಿತ್ತು.

ಇನ್ನೊಂದು ಬಣ್ಣವೂ ಉಂಟು. ಜೋರು ಮಳೆಯ ವರ್ಷ, ಹಳ್ಳದ ನೀರಿನಲ್ಲಿ ಜೀಪು ದಾಟಿಸಿದ ಮೇಲೆ ಅಕ್ಟೋಬರಿನಲ್ಲಿ ಪ್ಲಗ್ ಬಿಚ್ಚಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತಿತ್ತು. ಏರು ಹತ್ತಿ ಕಾದ ಪೆಟ್ಟಿಗೆ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ, ಗಾಳಿ ಆಡುವ ತೂತಿನಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾದ ಎಣ್ಣೆಯನ್ನು ಆ ಕ್ಷಣವೇ ಚೆಲ್ಲಬೇಕು. ಬೇರಿಂಗಿಗೆ ನೀರು ತಾಗಿ ತುಕ್ಕು ಹಿಡಿಯಲು ಬಹಳ ದಿನ ಬೇಕಿಲ್ಲ.

ಹೊಸ ಎಣ್ಣೆ ತುಂಬಿಸುವುದು ಉದ್ದ ಮೂತಿಯ ಕೈಪಂಪಿನಲ್ಲಿ. ತುಂಬುವ ತೂತಿನ ಕೆಳಗಿನ ಅಂಚಿಗೆ ಬಂದು ಎಣ್ಣೆ ತಾನಾಗಿಯೇ ಹೊರಗೆ ತೊಟ್ಟಿಕ್ಕಿದರೆ ಮಟ್ಟ ಸರಿಯಾಯಿತು ಎಂದರ್ಥ. ಗ್ಯಾರೇಜಿನವರು ಅದನ್ನು ‘ನೈಂಟಿ ಆಯಿಲ್’ ಎನ್ನುತ್ತಾರೆ. 90 ಎಂಬ ಅಂಕಿ ನೋಡಿ ಎಂಜಿನ್ನಿಗೆ ಹಾಕುವ 40ಕ್ಕಿಂತ ಎರಡು ಪಟ್ಟು ಮಂದ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಗೇರ್ ಎಣ್ಣೆಯ ಅಳತೆಗೋಲೇ ಬೇರೆ. ಕಾದಾಗ 90 ನಂಬರಿನ ಗೇರ್ ಆಯಿಲ್ ಹೆಚ್ಚುಕಡಿಮೆ 40, 50 ನಂಬರಿನ ಎಂಜಿನ್ ಆಯಿಲಿನಷ್ಟೇ ಮಂದ. ವ್ಯತ್ಯಾಸ ಇರುವುದು ಅದರೊಳಗೆ ಬೆರೆಸಿದ ರಸಾಯನದಲ್ಲಿ. ಆ ವ್ಯತ್ಯಾಸ ಅವರ ಮನೆಗೆ ತಿಳಿದದ್ದು ಒಂದು ದುಬಾರಿ ಡಬ್ಬಿಯಿಂದ.

ಒಂದು ವರ್ಷ ಪೇಟೆಯ ಅಂಗಡಿಯಲ್ಲಿ ಎಂದಿನ ಎಣ್ಣೆ ಇರಲಿಲ್ಲ. ಇದು ಅದಕ್ಕಿಂತ ಒಳ್ಳೆಯದು, ಹೊಸತು, ಭಾರೀ ಲಾರಿಗಳಿಗೂ ಇದನ್ನೇ ಹಾಕುತ್ತಾರೆ ಎಂದು ಅಂಗಡಿಯವರು ಹೆಚ್ಚಿನ ಬೆಲೆಯ ಡಬ್ಬಿ ಕೊಟ್ಟರು. ಮೇಲೆ ‘ಹೈಪಾಯ್ಡ್’ ಎಂದಿತ್ತು, ಜಿಎಲ್-5 ಎಂದಿತ್ತು. ಆ ವರ್ಷ ಮೇಸ್ತ್ರಿ ಊರಲ್ಲಿರಲಿಲ್ಲ. ಬೇರೊಬ್ಬರು ಬಂದು ಎಣ್ಣೆ ಬದಲಿಸಿ ಹೋದರು. ಮಳೆಗಾಲ ಕಳೆಯುವ ಹೊತ್ತಿಗೆ ಸೆಕೆಂಡಿನಿಂದ ಟಾಪಿಗೆ ಹಾಕುವಾಗ ಗೇರು ‘ಕರ್’ ಎನ್ನತೊಡಗಿತು. ಮುಂದಿನ ಮೇ ತಿಂಗಳು ಬಾಣಲೆಗೆ ಇಳಿದ ಎಣ್ಣೆಯಲ್ಲಿ ಬಂಗಾರದ ಮಿನುಗು ಎಂದಿಗಿಂತ ದಟ್ಟವಾಗಿತ್ತು. ಮೇಸ್ತ್ರಿ ಡಬ್ಬಿ ತರಿಸಿ ನೋಡಿದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅಂಕಿ ಓದಲು ಬರುತ್ತಿತ್ತು.

“ಇದು ಕ್ರೌನಿಗೆ ಹಾಕೋ ಎಣ್ಣೆ ಗೌಡ್ರೆ. ಗೇರ್‌ಬಾಕ್ಸಿಗಲ್ಲ. ಇದು ಹಿತ್ತಾಳೆ ತಿಂತದೆ.”

ಆ ಮಾತಿನ ಹಿಂದಿನ ರಸಾಯನಶಾಸ್ತ್ರವನ್ನು ಅವನು ಓದಿಕೊಂಡದ್ದು ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ, ಎಷ್ಟೋ ವರ್ಷದ ಮೇಲೆ. ಟಿ-90ಕ್ಕೆ ಮೂರು ಗೇರು. ಫಸ್ಟಿಗೆ ಸಿಂಕ್ರೊ ಇಲ್ಲ, ಗಾಡಿ ನಿಲ್ಲಿಸಿಯೋ ಡಬಲ್ ಕ್ಲಚ್ ಹೊಡೆದೋ ಹಾಕಬೇಕು. ಸೆಕೆಂಡ್ ಮತ್ತು ಟಾಪಿಗೆ ಹಿತ್ತಾಳೆಯ ಸಿಂಕ್ರೊ ಉಂಗುರಗಳಿವೆ. ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳ ಹಲ್ಲು ಒಂದಕ್ಕೊಂದು ಕೂರುವ ಮುಂಚೆ ಎರಡರ ವೇಗವೂ ಒಂದಾಗಬೇಕು. ಉಂಗುರದ ಒಳಮೈ ಗೇರಿನ ಉಕ್ಕಿನ ಇಳಿಜಾರು ಮೈಗೆ ಒತ್ತಿ, ಉಜ್ಜಿ, ಆ ಕೆಲಸ ಮಾಡುತ್ತದೆ. ಒಳಮೈಯಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಗೀರುಗಳಿವೆ. ಒತ್ತಿದ ಗಳಿಗೆಯಲ್ಲಿ ನಡುವಿನ ಎಣ್ಣೆಯನ್ನು ಕತ್ತರಿಸಿ ಆಚೆ ತಳ್ಳಿ, ಲೋಹಕ್ಕೆ ಲೋಹ ಹಿಡಿಯುವಂತೆ ಮಾಡುವುದು ಆ ಗೀರುಗಳು. ಅಂದರೆ ಗೇರ್‌ಬಾಕ್ಸಿನ ಎಣ್ಣೆ ಹಲ್ಲುಗಳ ಮೇಲೆ ಜಾರಬೇಕು, ಅದೇ ಹೊತ್ತಿಗೆ ಉಂಗುರದ ಕೆಳಗೆ ಜಾರದೆ ಬಿಟ್ಟುಕೊಡಬೇಕು.

ಕ್ರೌನಿನದು, ಅಂದರೆ ಡಿಫರೆನ್ಶಿಯಲ್ಲಿನದು, ಬೇರೆ ಕತೆ. ಅಲ್ಲಿರುವುದು ಹೈಪಾಯ್ಡ್ ಗೇರುಗಳು. ಪಿನಿಯನ್ ಶಾಫ್ಟ್ ಕ್ರೌನ್ ಚಕ್ರದ ನಡುಗೆರೆಗಿಂತ ಕೆಳಗೆ ಕೂತಿರುವುದರಿಂದ ಹಲ್ಲುಗಳು ಉರುಳುವುದಕ್ಕಿಂತ ಹೆಚ್ಚಾಗಿ ಒಂದರ ಮೇಲೊಂದು ಉಜ್ಜಿಕೊಂಡು ಸಾಗುತ್ತವೆ. ಆ ಒತ್ತಡಕ್ಕೆ ಬರೀ ಎಣ್ಣೆಯ ಪದರ ತಡೆಯುವುದಿಲ್ಲ. ಅದಕ್ಕೇ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲಿನ ತುದಿ ಕಾದಾಗ ಅವು ಉಕ್ಕಿನೊಂದಿಗೆ ಕೂಡಿ ಮೈಮೇಲೆ ಒಂದು ತೆಳು ಕವಚ ಕಟ್ಟುತ್ತವೆ. ಸವೆಯುವುದು ಕವಚ, ಉಳಿಯುವುದು ಹಲ್ಲು. ಜಿಎಲ್-5ರಲ್ಲಿ ಈ ಬೆರಕೆ ಜಿಎಲ್-4ರ ಸುಮಾರು ಎರಡರಷ್ಟು. ಉಕ್ಕಿಗೆ ಕವಚವಾಗುವ ಅದೇ ಗಂಧಕ ತಾಮ್ರದ ಮಿಶ್ರಲೋಹಗಳ ಮೈಯನ್ನು ಕಪ್ಪಾಗಿಸಿ ಕೆರೆಯುತ್ತದೆ. ಹಿತ್ತಾಳೆಯ ಉಂಗುರ, ಕಂಚಿನ ಥ್ರಸ್ಟ್ ವಾಷರು, ಎಲ್ಲವೂ ಅದಕ್ಕೆ ಆಹಾರ. ಎಣ್ಣೆ ತಯಾರಿಸುವವರು ಇದನ್ನು ಅಳೆಯಲು ಉಜ್ಜಿ ಹೊಳಪಿಸಿದ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಗಂಟೆಗಟ್ಟಲೆ ಅದ್ದಿಟ್ಟು, ಅದು ಎಷ್ಟು ಕಪ್ಪಾಯಿತು ಎಂದು ಬಣ್ಣದ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಇವತ್ತಿನ ಒಳ್ಳೆಯ ಜಿಎಲ್-5 ಎಣ್ಣೆಗಳಲ್ಲಿ ತಾಮ್ರವನ್ನು ಕಾಯುವ ಬೆರಕೆಯೂ ಇರುತ್ತದೆ. ಆ ಕಾಲದ ಡಬ್ಬಿಗಳ ಬಗ್ಗೆ ಮೇಸ್ತ್ರಿ ಹೇಳಿದ್ದೇ ಸರಿ.

ಅವರು ಯಾವ ಪುಸ್ತಕವನ್ನೂ ಓದಿರಲಿಲ್ಲ. ಬಾಣಲೆಗಳನ್ನು ಓದಿದ್ದರು. ಇದನ್ನು ಬರೀ ಕೈಚಳಕ ಎಂದು ಕರೆದರೆ ಅನ್ಯಾಯ, ಅದು ವಿದ್ಯೆ. ಎಷ್ಟೋ ಗಾಡಿಗಳ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ, ಯಾವ ಡಬ್ಬಿ ಹಾಕಿದ ಗಾಡಿಯಲ್ಲಿ ಏನು ಮಿನುಗಿತು ಎಂದು ನೆನಪಿಟ್ಟುಕೊಂಡು ಕಟ್ಟಿದ ವಿದ್ಯೆ.

ಕೆಲಸ ಅವನನ್ನು ಅಮೆರಿಕದ ಮಿಷಿಗನ್‌ಗೆ ಒಯ್ದಿತು. ಡೆಟ್ರಾಯಿಟಿನ ಪಶ್ಚಿಮಕ್ಕಿರುವ ಇಪ್ಸಿಲಾಂಟಿಯಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯ ಹಿರಿಯರು ವಿಲ್ಲೋ ರನ್ ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಜೋಡಿಸಿ ನಿವೃತ್ತರಾದವರು. ಅವರ ಶೆಡ್ಡಿನಲ್ಲಿ 1970ರ ಷೆವ್ರೊಲೆ ಸಿ-20 ಪಿಕಪ್ ಇತ್ತು, ಆಟೊಮ್ಯಾಟಿಕ್. ಟರ್ಬೊ ಹೈಡ್ರಾಮ್ಯಾಟಿಕ್ 400 ಎಂಬ ಅದರ ಗೇರ್‌ಬಾಕ್ಸನ್ನು ಮಾಡುತ್ತಿದ್ದದ್ದು ಅದೇ ವಿಲ್ಲೋ ರನ್ನಿನಲ್ಲಿ. ಒಂದು ಶನಿವಾರ ಅದರ ಎಣ್ಣೆ ಬದಲಿಸುವಾಗ ಅವರು ಇವನನ್ನೂ ಕರೆದರು. ಜೀಪಿನ ಗೇರ್ ಆಯಿಲಿನ ಜೊತೆ ಬೆಳೆದವನಿಗೆ ಅಲ್ಲಿ ಎಲ್ಲವೂ ಹೊಸತು.

ಜೀಪಿನಲ್ಲಿ ಎಣ್ಣೆಯ ಕೆಲಸ ಹಲ್ಲು ಸವೆಯದಂತೆ ಕಾಯುವುದು. ಆಟೊಮ್ಯಾಟಿಕ್ಕಿನಲ್ಲಿ ಗಾಡಿ ಎಳೆಯುವುದೇ ಎಣ್ಣೆ. ಎಂಜಿನ್ ತಿರುಗಿಸುವ ಒಂದು ರೆಕ್ಕೆಚಕ್ರ ಎಣ್ಣೆಯನ್ನು ಎದುರಿನ ರೆಕ್ಕೆಚಕ್ರದ ಮೇಲೆ ಎರಚುತ್ತದೆ, ಆ ರಭಸಕ್ಕೆ ಅದು ತಿರುಗುತ್ತದೆ. ನಡುವೆ ಬೆಸುಗೆಯಿಲ್ಲ, ಕ್ಲಚ್ ಪೆಡಲಿಲ್ಲ. ಗೇರ್ ಬದಲಿಸಲು ಹೊಟ್ಟೆಯೊಳಗಿನ ಸಣ್ಣ ಕ್ಲಚ್ ಪ್ಲೇಟುಗಳನ್ನು ಒತ್ತುವುದೂ ಎಣ್ಣೆಯೇ, ಕಾವನ್ನು ರೇಡಿಯೇಟರಿಗೆ ಒಯ್ಯುವುದೂ ಎಣ್ಣೆಯೇ. ಬಣ್ಣ ಕೆಂಪು. ಸೋರಿದರೆ ಎಂಜಿನ್ ಆಯಿಲಿನಿಂದ ಬೇರೆಯಾಗಿ ಗುರುತು ಸಿಗಲೆಂದು ಬೆರೆಸಿದ ಬಣ್ಣ ಅದು. ಆ ಗೇರ್‌ಬಾಕ್ಸಿಗೆ ಡ್ರೈನ್ ಪ್ಲಗ್ಗೇ ಇಲ್ಲ. ತಳದ ತಗಡಿನ ಪ್ಯಾನ್ ಸುತ್ತಲಿನ ಬೋಲ್ಟುಗಳನ್ನು ಒಂದು ಬದಿಯಿಂದ ಸಡಿಲಿಸುತ್ತ ಬಂದು, ಒಂದು ಮೂಲೆ ಇಳಿಬಿಟ್ಟು ಎಣ್ಣೆ ಸುರಿಸಬೇಕು. ಹಾಗೆ ಸುರಿದರೂ ಹೊರಬರುವುದು ಮೂರೂವರೆ ಲೀಟರಿನಷ್ಟು ಮಾತ್ರ. ಒಟ್ಟು ಹಿಡಿಸುವುದು ಹತ್ತು ಲೀಟರಿನ ಆಸುಪಾಸು. ಮಿಕ್ಕದ್ದೆಲ್ಲ ಟಾರ್ಕ್ ಕನ್ವರ್ಟರಿನಲ್ಲಿ, ಪೈಪುಗಳಲ್ಲಿ ಉಳಿದಿರುತ್ತದೆ.

ಹಿರಿಯರು ಹಳೆಯ ಎಣ್ಣೆಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಕಾದರು. ಹನಿ ಹರಡಿ ತೆಳು ಕೆಂಪಾದರೆ ಎಣ್ಣೆ ಇನ್ನೂ ಬದುಕಿದೆ, ಹರಡದೆ ನಡುವೆ ಕಂದು ಕಲೆ ಉಳಿದರೆ ಸತ್ತಿದೆ. ಆಮೇಲೆ ಮೂಸಿ ನೋಡಿದರು. ಸುಟ್ಟ ವಾಸನೆ ಬಂದರೆ ಪ್ಲೇಟು ಸುಟ್ಟಿವೆ. ಹೇಳಿಕೊಟ್ಟವರಿಲ್ಲದೆ ಸಾವಿರಾರು ಮೈಲಿ ಆಚೆ ಅದೇ ಕಣ್ಣು, ಅದೇ ಮೂಗು, ಅದೇ ಬೆರಳು ಕೆಲಸ ಮಾಡುವುದನ್ನು ಕಂಡು ಅವನಿಗೆ ಮೂಡಿಗೆರೆಯ ಮೇಸ್ತ್ರಿಯ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ಅವತ್ತು ಕೇಳಿದ ಎರಡು ಸಂಗತಿಗಳು ಅವನ ತಲೆಯಿಂದ ಹೋಗಿಲ್ಲ.

ಒಂದು ವಿಲ್ಲೋ ರನ್ನಿನದು. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಕಂಪನಿ ಬಿ-24 ಬಾಂಬರ್ ವಿಮಾನಗಳನ್ನು ಮಾಡಲು ಕಟ್ಟಿದ ಕಾರ್ಖಾನೆ ಅದು. ಯುದ್ಧ ಮುಗಿದ ಮೇಲೆ ಕೈಸರ್ ಫ್ರೇಜರ್ ಎಂಬ ಕಾರು ಕಂಪನಿ ಅಲ್ಲಿ ನೆಲೆಸಿತು. 1953ರ ಆಗಸ್ಟ್ 12ರಂದು, ಅಲ್ಲಿಂದ ಹೆಚ್ಚು ದೂರವಿಲ್ಲದ ಲಿವೋನಿಯಾದಲ್ಲಿದ್ದ ಜನರಲ್ ಮೋಟಾರ್ಸ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕಾರ್ಖಾನೆ ವೆಲ್ಡಿಂಗಿನ ಕಿಡಿಯಿಂದ ಹೊತ್ತಿ ಪೂರ್ತಿ ಸುಟ್ಟುಹೋಯಿತು. ಕ್ಯಾಡಿಲ್ಯಾಕ್, ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಗೇರ್‌ಬಾಕ್ಸೇ ಇಲ್ಲದಂತಾಗಿ ಬ್ಯೂಕಿನದನ್ನು ಕೂರಿಸಿ ಮಾರಬೇಕಾಯಿತು. ತರಾತುರಿಯಲ್ಲಿ ಕಂಪನಿ ವಿಲ್ಲೋ ರನ್ನಿಗೆ ಬಂತು. 2010ರವರೆಗೂ ಅಲ್ಲೇ ಇತ್ತು. ಜಾಗ ಬಿಟ್ಟುಕೊಟ್ಟ ಕೈಸರ್ ಆ ಹೊತ್ತಿಗಾಗಲೇ ಟೊಲೀಡೊದ ವಿಲ್ಲಿಸ್ ಜೀಪ್ ಕಂಪನಿಯನ್ನು ಕೊಂಡಿತ್ತು, ಅದೂ 1953ರಲ್ಲೇ. ಅದೇ ವರ್ಷ ಬಂದ ಮಾಡೆಲ್ ಸಿಜೆ-3ಬಿ. ಅಜ್ಜಿಯ ಕಣದ ಅಂಚಿನಲ್ಲಿ ನಿಲ್ಲುತ್ತಿದ್ದ ಜೀಪಿನ ವಂಶವೂ ಈ ಹಿರಿಯರ ಶೆಡ್ಡಿನ ಪಿಕಪ್ಪಿನ ಗೇರ್‌ಬಾಕ್ಸಿನ ವಂಶವೂ ಒಂದೇ ವರ್ಷ, ಒಂದೇ ಕಟ್ಟಡದ ಬಾಗಿಲಲ್ಲಿ ಎದುರುಬದುರಾಗಿ ಹಾದುಹೋಗಿದ್ದವು.

ಇನ್ನೊಂದು ತಿಮಿಂಗಿಲದ್ದು. ಆ ಪಿಕಪ್ ಕಾರ್ಖಾನೆಯಿಂದ ಹೊರಬಿದ್ದ ಕಾಲದ ಕೆಂಪು ಎಣ್ಣೆಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಆ ಪ್ರಾಣಿಯ ತಲೆಯ ಗೂಡಿನಿಂದ, ಚರ್ಮದಡಿಯ ಕೊಬ್ಬಿನಿಂದ ತೆಗೆಯುತ್ತಿದ್ದ ಅದು ಕೊಬ್ಬಿಗಿಂತ ಹೆಚ್ಚಾಗಿ ದ್ರವರೂಪದ ಮೇಣ. ಕಾವಿಗೆ ಬೇಗ ಕೆಡದು, ಕ್ಲಚ್ ಪ್ಲೇಟುಗಳು ಎಳೆದಾಡದೆ ಮೆತ್ತಗೆ ಹಿಡಿಯುವಂತೆ ಮಾಡುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ. ಭಾರೀ ಒತ್ತಡದ ಗೇರ್ ಎಣ್ಣೆಗಳಿಗೂ ಅದನ್ನು ಗಂಧಕದೊಂದಿಗೆ ಕೂಡಿಸಿ ಬೆರೆಸುವುದಿತ್ತು. 1970ರಲ್ಲಿ ಅಮೆರಿಕ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು, ಆ ಎಣ್ಣೆಯ ಆಮದು ನಿಂತಿತು. ಜನರಲ್ ಮೋಟಾರ್ಸ್ ಡೆಕ್ಸ್‌ರಾನ್ ಎಂಬ ತನ್ನ ಎಣ್ಣೆಯನ್ನು ಹೊಸದಾಗಿ ಕಟ್ಟಬೇಕಾಯಿತು. 1973ರ ಸುಮಾರಿಗೆ ಬಂದ ಡೆಕ್ಸ್‌ರಾನ್-2ರ ಮೊದಲ ರೂಪ ರೇಡಿಯೇಟರಿನೊಳಗಿನ ಕೂಲರ್ ಪೈಪಿನ ಬೆಸುಗೆಯನ್ನೇ ತಿನ್ನುತ್ತಿತ್ತು; ಬೆಸುಗೆ ಕಾಯುವ ಬೆರಕೆ ಸೇರಿಸಿ ಮತ್ತೆ ತಿದ್ದಿದರು. ಇತ್ತ ಅರಿಜೋನಾದ ಮರಳುಗಾಡಿನಲ್ಲಿ ಬೆಳೆಯುವ ಹೊಹೋಬಾ ಎಂಬ ಪೊದೆಯ ಬೀಜದ ಎಣ್ಣೆಯೂ ಅದೇ ಬಗೆಯ ದ್ರವಮೇಣ ಎಂದು ಗೊತ್ತಾದದ್ದರಿಂದ ಎಪ್ಪತ್ತರ ದಶಕದಲ್ಲಿ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು.

ಗೇರು ಮೆತ್ತಗೆ ಬೀಳಲಿ ಎಂದು ಅಷ್ಟು ದೊಡ್ಡ ಜೀವವನ್ನು ಕೊಂದು ಡಬ್ಬಿಗೆ ತುಂಬಿದ್ದರು ಎಂಬುದನ್ನು ಇವತ್ತಿಗೂ ಅವನಿಂದ ಸಮಾಧಾನವಾಗಿ ಓದಲು ಆಗುವುದಿಲ್ಲ. ಬೇರೆ ದಾರಿ ಹುಡುಕಲು ಕಾನೂನೇ ಬರಬೇಕಾಯಿತು, ಬಂದ ಮೇಲೆ ದಾರಿ ಸಿಕ್ಕಿತು. ಅದೇ ಹೊತ್ತಿಗೆ ಇನ್ನೊಂದೂ ಅವನಿಗೆ ಸ್ಪಷ್ಟವಾಯಿತು. ಬೆಸುಗೆ ತಿಂದ ಡೆಕ್ಸ್‌ರಾನ್, ಹಿತ್ತಾಳೆ ತಿಂದ ಹೈಪಾಯ್ಡ್, ಎರಡೂ ಕಳಪೆ ಎಣ್ಣೆಗಳಲ್ಲ. ತಾವು ಯಾವ ಲೋಹದ ಜೊತೆ ಬಾಳಬೇಕೋ ಆ ಲೋಹಕ್ಕೆ ಹೊಂದದವು. ಬಿಡಿಭಾಗ ತರುವಾಗ ನಂಬರ್ ನೋಡಿ ತರುವ ಜನ ಎಣ್ಣೆ ತರುವಾಗ ಬರೀ ಬೆಲೆ ನೋಡುತ್ತಾರೆ. ಗೇರ್‌ಬಾಕ್ಸಿನ ಮಟ್ಟಿಗೆ ಎಣ್ಣೆಯೂ ಒಂದು ಬಿಡಿಭಾಗವೇ.

ಜೀಪು ಈಗ ಅಣ್ಣನ ಬಳಿ ಇದೆ. ಅಪ್ಪ ಇಲ್ಲ, ಅಜ್ಜಿ ಇಲ್ಲ, ಮೇಸ್ತ್ರಿ ಗ್ಯಾರೇಜು ಮಗನಿಗೆ ಬಿಟ್ಟು ಊರಿಗೆ ಹೋದರು. ಮೂಟೆ ಸಾಗಿಸಲು ಹೊಸ ಡೀಸೆಲ್ ಪಿಕಪ್ ಬಂದಿರುವುದರಿಂದ ಹಳೆಯದು ಬಹುಕಾಲ ಶೆಡ್ಡಿನಲ್ಲೇ ನಿಂತಿತ್ತು. ಊರಿಗೆ ಬಂದ ಅವನು ಅಣ್ಣನ ಮಗನ ಜೊತೆ ಸೇರಿ ಅದನ್ನು ಎಬ್ಬಿಸಿದ. ಗೇರ್‌ಬಾಕ್ಸ್ ಇಳಿಸಿ ಬಿಚ್ಚಿದಾಗ ಸಿಂಕ್ರೊ ಉಂಗುರದ ಒಳಮೈಯ ಗೀರುಗಳು ಉಗುರಿಗೆ ತಾಗದಷ್ಟು ಸವೆದಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಉಂಗುರ ಸಿಕ್ಕಿತು. ಹೊಸದರ ಗೀರಿನ ಮೇಲೆ ಉಗುರು ಎಳೆದರೆ ಸಣ್ಣಗೆ ‘ಝರ್’ ಎನ್ನುತ್ತದೆ. ಹುಡುಗ ಅದನ್ನು ಮತ್ತೆ ಮತ್ತೆ ಎಳೆದು ಕೇಳಿದ.

ಎಣ್ಣೆ ಹುಡುಕುವುದು ಉಂಗುರ ಹುಡುಕುವುದಕ್ಕಿಂತ ಕಷ್ಟವಾಯಿತು. ಕೇಳಿದ ಕಡೆಯೆಲ್ಲ ಮೊದಲು ಕೊಡುವುದು ಜಿಎಲ್-5, ಅದೂ ಸಿಂಥೆಟಿಕ್ ಎಂಬ ಶಿಫಾರಸಿನೊಂದಿಗೆ. ಕೊನೆಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯಲ್ಲಿ ಜಿಎಲ್-4, ಇ.ಪಿ. 90 ಸಿಕ್ಕಿತು. ಹಳೆಯ ಕಾಲದ ಗೇರ್‌ಬಾಕ್ಸುಗಳು ಹೊಲಗದ್ದೆಗಳಲ್ಲಿ ಇನ್ನೂ ದುಡಿಯುತ್ತಿರುವುದರಿಂದ ಆ ಡಬ್ಬಿ ಇನ್ನೂ ಉಳಿದಿದೆ.

ಇಳಿಸಿದ ಹಳೆಯ ಎಣ್ಣೆಯದು ಇನ್ನೊಂದು ಲೆಕ್ಕ. ಅಪ್ಪನ ಕಾಲದಲ್ಲಿ ಅದನ್ನು ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಮರಕ್ಕೆ ಗೆದ್ದಲು ಹತ್ತದಂತೆ ಬಳಿಯುತ್ತಿದ್ದರು, ಉಳಿದದ್ದನ್ನು ತೋಟದ ಮೂಲೆಗೆ ಚೆಲ್ಲುತ್ತಿದ್ದರು. ಆ ಮೂಲೆಯಿಂದ ಮಳೆಗಾಲದ ನೀರು ಹಳ್ಳಕ್ಕೆ, ಹಳ್ಳ ಹೇಮಾವತಿಗೆ. ಹೇಮಾವತಿ ಹುಟ್ಟುವುದೇ ಮೂಡಿಗೆರೆ ತಾಲ್ಲೂಕಿನಲ್ಲಿ. ಕಾವೇರಿ ಸೇರುವ ಮುಂಚೆ ಎಷ್ಟು ಊರುಗಳು ಆ ನೀರು ಕುಡಿಯುತ್ತವೆ ಎಂಬುದನ್ನು ಮೇಲಿನವರು ಮರೆಯುವಂತಿಲ್ಲ. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಪರವಾನಗಿ ಇರುವ ಮರುಸಂಸ್ಕರಣೆಯವರಿಗೇ ಹೋಗಬೇಕು. ಅಣ್ಣನ ಮಗ ಅದನ್ನು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಇಂಥ ಎಣ್ಣೆಯನ್ನು ಒಟ್ಟುಮಾಡಿ ಕಳಿಸುವ ಗ್ಯಾರೇಜಿಗೆ ಕೊಟ್ಟುಬಂದ.

“ಚಿಕ್ಕಪ್ಪ, ಕ್ರೌನಿಂದು ಯಾವಾಗ ಬದಲಿಸೋದು?” ಎಂದು ಕೇಳಿದ, ಬಂದವನೇ.

“ಭಾನುವಾರ. ಅದಕ್ಕೆ ಮಾತ್ರ ಜಿಎಲ್-5ನೇ ಬೇಕು.”

ಹುಡುಗ ಶೆಡ್ಡಿಗೆ ಹೋಗಿ ಬಿಳಿ ಪೇಂಟು ತಂದ. ಜಿಎಲ್-4ರ ಡಬ್ಬಿಯ ಮೇಲೆ ‘ಗೇರ್, ಟ್ರಾನ್ಸ್‌ಫರ್’ ಎಂದೂ ಇನ್ನೊಂದರ ಮೇಲೆ ‘ಕ್ರೌನ್ ಮಾತ್ರ’ ಎಂದೂ ದಪ್ಪ ಅಕ್ಷರದಲ್ಲಿ ಬರೆದು, ಎರಡನ್ನೂ ಬೇರೆ ಬೇರೆ ಅಟ್ಟದಲ್ಲಿಟ್ಟ.